ಅಕ್ವೇರಿಯಂಗೆ ಮನೆಯಲ್ಲೇ ಆರ್‌ಓ-ಡಿಐ ಘಟಕ: ಜೋಡಣೆ, ಅಳತೆ, ಎಡವಟ್ಟುಗಳು

ಆರ್‌ಓ (ರಿವರ್ಸ್ ಆಸ್ಮೋಸಿಸ್) ಎಂದರೆ ನೀರನ್ನು ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ಒತ್ತಿ ಲವಣ ಬೇರ್ಪಡಿಸುವುದು; ಲವಣ ಹೊತ್ತ ಉಳಿದ ನೀರು ತ್ಯಾಜ್ಯವಾಗಿ ಹೋಗುತ್ತದೆ. ಡಿಐ (ಡಿಅಯೋನೈಸೇಶನ್) ಎಂದರೆ ಆಮೇಲೂ ಉಳಿದ ಲವಣವನ್ನು ರೆಸಿನ್ ಎಂಬ ಸಣ್ಣ ಮಣಿಗಳಿಂದ ಹಿಡಿಯುವುದು. ಮೀನು ಸಾಕುವವರೆಲ್ಲ ಆರ್‌ಓ ಹಾಕಿಸಬೇಕೆಂದೇನಿಲ್ಲ. ಗಪ್ಪಿ, ಮಾಲಿ, ಪ್ಲಾಟಿ, ಗೋಲ್ಡ್‌ಫಿಶ್, ಆಫ್ರಿಕಾದ ಸರೋವರಗಳ ಸಿಕ್ಲಿಡ್‌ಗಳೆಲ್ಲ ಗಡಸು ನೀರಿನಲ್ಲೇ ಹಾಯಾಗಿರುತ್ತವೆ. ಕ್ಲೋರಿನ್ ತೆಗೆದ ನಲ್ಲಿ ನೀರೇ ಅವಕ್ಕೆ ಸಾಕು. ಹವಳವಿರುವ ಸಮುದ್ರ ನೀರಿನ ಟ್ಯಾಂಕ್, ಕ್ಯಾರಿಡಿನಾ ಸೀಗಡಿ, ಮರಿ ಮಾಡಿಸಬೇಕಾದ ಡಿಸ್ಕಸ್, ಮೆದು ನೀರು ಬಯಸುವ ಟೆಟ್ರಾ ಮತ್ತು ಅಪಿಸ್ಟೋಗ್ರಾಮಾ ಇದ್ದರೆ ಮಾತ್ರ ಈ ಖರ್ಚಿಗೆ ಅರ್ಥವಿದೆ. ನಲ್ಲಿಯಿಂದ ಬರುವಾಗಲೇ ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಿದ್ದರೂ ಅಷ್ಟೇ. ಎಷ್ಟು ನೀರು ಬದಲಿಸಿದರೂ ಟ್ಯಾಂಕಿನ ನೈಟ್ರೇಟ್ ಅದಕ್ಕಿಂತ ಕೆಳಗಿಳಿಯುವುದಿಲ್ಲ.

ಕೊಳ್ಳುವ ಮೊದಲು ನಿಮ್ಮ ನೀರನ್ನು ಅಳೆಯಿರಿ. ಟಿಡಿಎಸ್ (ಕರಗಿರುವ ಒಟ್ಟು ಲವಣ), ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ), ನೈಟ್ರೇಟ್, ಒಟ್ಟು ಕ್ಲೋರಿನ್ ಮತ್ತು ನಲ್ಲಿಯ ಒತ್ತಡ, ಈ ಆರು ಸಂಖ್ಯೆ ಕೈಯಲ್ಲಿದ್ದರೆ ಯಾವ ಭಾಗ ಬೇಕು, ಯಾವುದು ಬೇಡ ಎಂದು ತಾನಾಗಿ ಗೊತ್ತಾಗುತ್ತದೆ. ಟಿಡಿಎಸ್ ಮೀಟರ್ ನೋಡುವುದು ನೀರಿನ ವಿದ್ಯುತ್ ವಾಹಕತೆಯನ್ನು ಮಾತ್ರ. 300 ಎಂದು ತೋರಿಸಿದರೆ ಅದು ಕ್ಯಾಲ್ಸಿಯಮ್ಮೋ ಉಪ್ಪೋ ನೈಟ್ರೇಟೋ ಎಂದು ಅದಕ್ಕೆ ತಿಳಿಯದು.

ಒತ್ತಡದ ಲೆಕ್ಕ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಆರ್‌ಓ ಮೆಂಬ್ರೇನ್ ಜರಡಿಯಲ್ಲ. ನೀರನ್ನು ಅದರ ಮೂಲಕ ಒತ್ತಿ ತಳ್ಳಬೇಕು. 60ರಿಂದ 80 ಪಿಎಸ್‌ಐ (ಒತ್ತಡದ ಅಳತೆ) ಇದ್ದರೆ ಚೆನ್ನ, 40ಕ್ಕಿಂತ ಕಡಿಮೆಯಾದರೆ ನೀರು ಕಡಿಮೆ ಬರುತ್ತದೆ, ಬಂದದ್ದರ ಗುಣಮಟ್ಟವೂ ಇಳಿಯುತ್ತದೆ. ಕಡಿಮೆ ಒತ್ತಡದಲ್ಲಿ ಮೆಂಬ್ರೇನ್ ದಾಟುವ ನೀರು ಕಮ್ಮಿಯಾದರೂ ಲವಣಗಳು ಸೋರುವ ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹೀಗಾಗಿ ಅಷ್ಟೇ ಲವಣ ಕಡಿಮೆ ನೀರಿನಲ್ಲಿ ಬಂದು ಬೀಳುತ್ತದೆ.

ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬರುವ ನೀರಾದರೆ ಲೆಕ್ಕ ಸರಳ. 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 14 ಪಿಎಸ್‌ಐ. 6 ಮೀಟರ್ ಎತ್ತರದ ಟ್ಯಾಂಕ್ 8-9 ಪಿಎಸ್‌ಐ ಕೊಟ್ಟರೆ ಹೆಚ್ಚು. ನಲ್ಲಿಯಲ್ಲಿ ನೀರು ಧೋ ಎಂದು ಸುರಿಯುತ್ತದಲ್ಲ ಎನ್ನಬಹುದು, ಆದರೆ ಸುರಿಯುವ ಪ್ರಮಾಣವೇ ಬೇರೆ, ಒತ್ತಡವೇ ಬೇರೆ. ಇಂಥ ಕಡೆ ಬೂಸ್ಟರ್ ಪಂಪ್ ಇಲ್ಲದೆ ಆರ್‌ಓ ನಡೆಯುವುದಿಲ್ಲ. 24 ವೋಲ್ಟ್ ಡಿಸಿ ಪಂಪ್ ಸಾಕು. ಅದನ್ನು ಸೆಡಿಮೆಂಟ್ ಫಿಲ್ಟರ್ ಆದ ಮೇಲೆ, ಮೆಂಬ್ರೇನ್‌ಗೆ ಮೊದಲು ಕೂರಿಸಿ. ಮರಳು ತಾಗಿದರೆ ಪಂಪಿನ ಡಯಾಫ್ರಾಮ್ ಬೇಗ ಹಾಳಾಗುತ್ತದೆ. ಜೊತೆಗೆ ಮೂರು ಸಾಮಾನು ಬೇಕು: ಪಂಪಿಗೆ ಮೊದಲು ಲೋ ಪ್ರೆಶರ್ ಸ್ವಿಚ್ (ನೀರು ನಿಂತಾಗ ಪಂಪ್ ಒಣಗಿ ಓಡದಂತೆ), ಶುದ್ಧ ನೀರಿನ ಸಾಲಿನಲ್ಲಿ ಹೈ ಪ್ರೆಶರ್ ಸ್ವಿಚ್ (ಡ್ರಮ್ ತುಂಬಿದಾಗ ಪಂಪ್ ನಿಲ್ಲಲು), ಒಳಬರುವ ಸಾಲಿಗೆ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವಂಥದ್ದು). ಕೊನೆಯದನ್ನು ಬಿಟ್ಟರೆ ಪಂಪ್ ನಿಂತ ಮೇಲೂ ನೀರು ಸದ್ದಿಲ್ಲದೆ ಚರಂಡಿಗೆ ಹರಿಯುತ್ತಲೇ ಇರುತ್ತದೆ.

ಪ್ರೆಶರ್ ಗೇಜ್ ಹಾಕುವ ಜಾಗ ಮೆಂಬ್ರೇನ್‌ಗೆ ತೀರಾ ಮುಂಚಿನದ್ದಾಗಿರಲಿ. ನಲ್ಲಿಯ ಬಳಿ ಹಾಕಿದ ಗೇಜ್ ಫಿಲ್ಟರ್ ಕಟ್ಟಿಕೊಂಡದ್ದನ್ನು ತೋರಿಸುವುದಿಲ್ಲ.

ಭಾಗಗಳು, ನೀರು ಹರಿಯುವ ಕ್ರಮದಲ್ಲಿ

ಮೊದಲು 5 ಅಥವಾ 1 ಮೈಕ್ರಾನ್‌ನ ಸೆಡಿಮೆಂಟ್ ಫಿಲ್ಟರ್. ನಂತರ ಕಾರ್ಬನ್ ಬ್ಲಾಕ್. ಕಾರ್ಬನ್ ಬ್ಲಾಕ್ ಎಷ್ಟು ಮೈಕ್ರಾನ್‌ನದೋ ಸೆಡಿಮೆಂಟ್ ಫಿಲ್ಟರ್ ಅಷ್ಟೇ ಅಥವಾ ಅದಕ್ಕಿಂತ ಸಣ್ಣದಿರಬೇಕು. ಅದಲುಬದಲಾದರೆ ಅಗ್ಗದ ಸೆಡಿಮೆಂಟ್ ಹಿಡಿಯಬೇಕಾದ ಕೆಸರನ್ನು ದುಬಾರಿ ಕಾರ್ಬನ್ ಹಿಡಿದು ಕಟ್ಟಿಕೊಳ್ಳುತ್ತದೆ. ಕಾರ್ಬನ್‌ನ ಮುಖ್ಯ ಕೆಲಸ ಕ್ಲೋರಿನ್ ತೆಗೆಯುವುದು. ಕ್ಲೋರಿನ್ ತಗುಲಿದರೆ ಪಾಲಿಅಮೈಡ್ ಮೆಂಬ್ರೇನ್ ನಿಧಾನವಾಗಿ ತಿಂದುಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ನಿಮ್ಮ ನೀರಿಗೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸೋಂಕುನಾಶಕ) ಹಾಕುತ್ತಿದ್ದರೆ ಒಂದು ಸಾಮಾನ್ಯ ಕಾರ್ಬನ್ ಬ್ಲಾಕ್ ಸಾಲದು. ಕ್ಯಾಟಲಿಟಿಕ್ ಕಾರ್ಬನ್, ಇಲ್ಲವೇ ಸಾಲಾಗಿ ಎರಡು ಬ್ಲಾಕ್ ಬೇಕು. ಕಾರ್ಬನ್ ಕ್ಲೋರಮೈನನ್ನು ಒಡೆದಾಗ ಅಮೋನಿಯ ಉಳಿಯುತ್ತದೆ. ಅದರಲ್ಲಿ ಅನಿಲ ರೂಪದ್ದು ಮೆಂಬ್ರೇನ್ ದಾಟಿಬಿಡುತ್ತದೆ, ಅದನ್ನು ಹಿಡಿಯುವುದು ಡಿಐ ರೆಸಿನ್.

ಮೂರನೆಯದು ಮೆಂಬ್ರೇನ್. ಮನೆಗೆ 75 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಸಾಕು. ಅಂದರೆ ದಿನಕ್ಕೆ 284 ಲೀಟರ್, ಗಂಟೆಗೆ ಸುಮಾರು 12 ಲೀಟರ್, ನಿಮಿಷಕ್ಕೆ 200 ಮಿಲಿಲೀಟರ್. ಈ ಅಂಕಿಗಳು ನೀರು 25 ಡಿಗ್ರಿ ಇದ್ದು ಒತ್ತಡವೂ ಸರಿಯಿದ್ದಾಗಿನವು. ಒಂದೊಂದು ಡಿಗ್ರಿ ಇಳಿದಾಗಲೂ ಉತ್ಪಾದನೆ ಸುಮಾರು ಶೇ. 3ರಷ್ಟು ಕುಸಿಯುತ್ತದೆ. ಚಳಿಗಾಲದಲ್ಲಿ ನೀರು ಕಡಿಮೆ ಬಂತೆಂದು ಮೆಂಬ್ರೇನ್ ಬದಲಿಸುವ ಮೊದಲು ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ. ಹಾಗಂತ ಬಿಸಿನೀರಿನ ಸಾಲಿಗೆ ಜೋಡಿಸಬೇಡಿ; 45 ಡಿಗ್ರಿ ದಾಟಿದರೆ ಮೆಂಬ್ರೇನ್ ಕೆಡುತ್ತದೆ.

ಮೆಂಬ್ರೇನ್‌ನ ತ್ಯಾಜ್ಯ ಸಾಲಿಗೆ ಫ್ಲೋ ರೆಸ್ಟ್ರಿಕ್ಟರ್ (ತ್ಯಾಜ್ಯದ ಹರಿವನ್ನು ತಡೆದು ಒತ್ತಡ ಉಳಿಸುವುದು), ಅದರ ಪಕ್ಕದಲ್ಲಿ ಫ್ಲಶ್ ವಾಲ್ವ್ (ಮೆಂಬ್ರೇನ್ ತೊಳೆಯುವಾಗ ತೆರೆಯುವುದು). ಶುದ್ಧ ನೀರಿನ ಸಾಲಿಗೆ ಚೆಕ್ ವಾಲ್ವ್ (ನೀರು ಹಿಂದಕ್ಕೆ ಹೋಗದಂತೆ), ಆಮೇಲೆ ಆಟೋ ಶಟ್‌ಆಫ್ ವಾಲ್ವ್ (ಡ್ರಮ್ ತುಂಬಿದಾಗ ಒಳಬರುವ ನೀರನ್ನು ನಿಲ್ಲಿಸಲು). ಕೊನೆಯಲ್ಲಿ ಮಿಕ್ಸೆಡ್ ಬೆಡ್ ಡಿಐ ರೆಸಿನ್. ಸಿಹಿನೀರಿನ ಟ್ಯಾಂಕಿಗೆ ಡಿಐ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ: 5-10 ಪಿಪಿಎಂ ಉಳಿದಿದ್ದರೆ ಏನೂ ಆಗದು, ಹೇಗೂ ಖನಿಜ ಸೇರಿಸಲೇಬೇಕು. ಕ್ಲೋರಮೈನ್ ಇದ್ದರೆ, ಅಥವಾ ಹವಳದ ಟ್ಯಾಂಕ್ ಆದರೆ ಮಾತ್ರ ಬಿಡುವಂತಿಲ್ಲ.

ಅಡುಗೆಮನೆಯ ಆರ್‌ಓ ಇದೆಯಲ್ಲ?

ಇದೆ, ಆದರೆ ನಲ್ಲಿ ತಿರುಗಿಸಿ ಹಿಡಿದ ನೀರು ಆಗುವುದಿಲ್ಲ. ಕುಡಿಯುವ ನೀರಿನ ಘಟಕಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುತ್ತದೆ. ಅದು ರುಚಿಗಾಗಿ ಆರ್‌ಓ ಆಗದ ನೀರನ್ನೂ ಒಂದಿಷ್ಟು ಬೆರೆಸುತ್ತದೆ. ಮಿನರಲ್ ಕಾರ್ಟ್ರಿಜ್ ಇದ್ದರೆ ಏನು ಎಷ್ಟು ಸೇರುತ್ತದೋ ಲೆಕ್ಕವಿಲ್ಲ. ತಾಮ್ರ ಸೇರಿಸುವ ಕಾರ್ಟ್ರಿಜ್ ಇದ್ದರಂತೂ ಸೀಗಡಿ, ಬಸವನಹುಳು, ಹವಳಗಳಿಗೆ ಅದು ನೇರ ವಿಷ. ಆ ಘಟಕವನ್ನೇ ಬಳಸುವುದಿದ್ದರೆ ಮೆಂಬ್ರೇನ್ ಹೌಸಿಂಗ್‌ನಿಂದ ಶುದ್ಧ ನೀರು ಹೊರಬರುವ ಜಾಗದಲ್ಲೇ, ಉಳಿದ ಯಾವ ಕಾರ್ಟ್ರಿಜ್‌ಗೂ ಹೋಗುವ ಮೊದಲು, ಟಿ-ಕನೆಕ್ಟರ್ ಹಾಕಿ ಬೇರೆ ಪೈಪ್ ಎಳೆಯಿರಿ.

ಜೋಡಣೆ

ಪೈಪ್ ಕಾಲು ಇಂಚಿನದು. ಕತ್ತರಿಯಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಓರೆಯಾಗುತ್ತದೆ, ಅಲ್ಲೇ ಸೋರಿಕೆ ಶುರು. ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಪುಷ್-ಫಿಟ್ ಕನೆಕ್ಟರ್‌ಗೆ ತೂರಿಸುವಾಗ ಎರಡು ಹಂತ ಕೈಗೇ ತಿಳಿಯುತ್ತದೆ. ಮೊದಲು ಹಲ್ಲು ಕಚ್ಚಿದ ಹಾಗೆ ಒಂದು ತಡೆ, ಅದನ್ನೂ ಮೀರಿ ಇನ್ನೊಂದು ಸೆಂಟಿಮೀಟರ್ ಒಳಗೆ ಓ-ರಿಂಗ್ ದಾಟಿ ತಳಕ್ಕೆ ತಾಗುವುದು. ಬಹಳ ಮಂದಿ ಮೊದಲನೆಯದಕ್ಕೇ ನಿಲ್ಲಿಸುತ್ತಾರೆ. ಎಳೆದರೆ ಬರುವುದಿಲ್ಲ, ಆದರೆ ತೊಟ್ಟಿಕ್ಕುತ್ತದೆ. ತೂರಿಸುವ ಮೊದಲು ಪೈಪಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡರೆ ಎಷ್ಟು ಒಳಹೋಯಿತು ಎಂಬ ಅನುಮಾನವೇ ಇರುವುದಿಲ್ಲ.

ತಿರುಪಿನ ಕಡೆ ಟೆಫ್ಲಾನ್ ಟೇಪ್ ಐದಾರು ಸುತ್ತು, ತಿರುಪು ತಿರುಗುವ ದಿಕ್ಕಿನಲ್ಲೇ ಸುತ್ತಿ. ಹೌಸಿಂಗ್‌ನ ದೊಡ್ಡ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೌಸಿಂಗ್ ಕೈಯಿಂದಲೇ ಬಿಗಿಯಾಗಬೇಕು. ಸ್ಪ್ಯಾನರ್ ಇರುವುದು ಬಿಚ್ಚುವುದಕ್ಕೆ, ಬಿಗಿಯುವುದಕ್ಕೆ ಅದನ್ನು ಹಿಡಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಮೊದಲ ಓಟಕ್ಕೆ ಮೆಂಬ್ರೇನ್ ಹಾಕಬೇಡಿ. ಕಾರ್ಬನ್ ಬ್ಲಾಕ್‌ನಿಂದ ಹೊರಬರುವ ಪೈಪನ್ನು ಬಕೆಟ್‌ಗೆ ಬಿಟ್ಟು 15-20 ಲೀಟರ್ ಹರಿಸಿ. ಮೊದಲ ಬಕೆಟ್ ಕಾಡಿಗೆ ಕಲಸಿದಂತೆ ಕಪ್ಪಾಗಿರುತ್ತದೆ. ಆ ಪುಡಿ ನೇರ ಮೆಂಬ್ರೇನ್ ಮೇಲೆ ಹೋಗಿ ಕೂತರೆ ಮೊದಲ ದಿನವೇ ಅದರ ಆಯಸ್ಸು ಕಡಿಮೆಯಾದ ಹಾಗೆ. ನೀರು ತಿಳಿಯಾದ ಮೇಲೆ ಮೆಂಬ್ರೇನ್ ಸೇರಿಸಿ. ಎರಡು ಸಣ್ಣ ಕಪ್ಪು ಓ-ರಿಂಗ್ ಇರುವ ಮೂತಿ ಹೌಸಿಂಗ್‌ನ ಒಳತುದಿಗೆ ಹೋಗಬೇಕು, ಅಗಲ ರಬ್ಬರ್ ಸೀಲ್ ಇರುವ ತುದಿ ಮುಚ್ಚಳದ ಕಡೆಗೆ. ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ ಒಳಗಿನ ತೂತಿನಲ್ಲಿ ಗಚ್ಚನೆ ಕೂರುವುದು ಗೊತ್ತಾಗುತ್ತದೆ. ಒಳತುದಿಯ ನಡುವಿನ ರಂಧ್ರದಿಂದ ಬರುವುದು ಶುದ್ಧ ನೀರು, ಪಕ್ಕದ ರಂಧ್ರದಿಂದ ತ್ಯಾಜ್ಯ.

ಹೊಸ ಮೆಂಬ್ರೇನ್‌ನಲ್ಲಿ ಸಂರಕ್ಷಕ ರಾಸಾಯನಿಕ ಇರುತ್ತದೆ. ಡಿಐ ಜೋಡಿಸದೆ ಒಂದೆರಡು ಗಂಟೆ ಓಡಿಸಿ ಆ ನೀರನ್ನು ಚೆಲ್ಲಿ. ಆಮೇಲಷ್ಟೇ ಡಿಐ. ರೆಸಿನ್ ಕೊಳವೆಯನ್ನು ನಿಲ್ಲಿಸಿಯೇ ಇಡಿ, ನೀರು ಕೆಳಗಿಂದ ಮೇಲಕ್ಕೆ ಹೋಗಲಿ. ಅಡ್ಡ ಮಲಗಿಸಿದರೆ ರೆಸಿನ್ ಒಂದು ಬದಿಗೆ ಕುಸಿದು, ನೀರು ಖಾಲಿ ಜಾಗದಲ್ಲೇ ನುಸುಳಿ ಹೋಗುತ್ತದೆ.

ಚೆಲ್ಲುವ ನೀರು

ಒಂದು ಲೀಟರ್ ಪಡೆಯಲು ಮೂರು-ನಾಲ್ಕು ಲೀಟರ್ ಹೋಗುವುದನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ರೆಸ್ಟ್ರಿಕ್ಟರ್ ಬಿಗಿಮಾಡಿ 1:1ಕ್ಕೆ ತರುವ ಆಸೆಯೂ ಹುಟ್ಟುತ್ತದೆ. ಆದರೆ ಆ ಹರಿವೇ ಮೆಂಬ್ರೇನ್ ಮೇಲ್ಮೈಯನ್ನು ತೊಳೆಯುವುದು. ಗಡಸು ನೀರಿನಲ್ಲಿ ಅದನ್ನು ಕಡಿಮೆ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಕಟ್ಟಿ ಕೆಲವೇ ತಿಂಗಳಲ್ಲಿ ಮೆಂಬ್ರೇನ್ ಕಲ್ಲಾಗುತ್ತದೆ. ಗಡಸು ನೀರಿಗೆ 1:4 ಇಡಿ, ಮೆದು ನೀರಿಗೆ 1:2ರವರೆಗೂ ಇಳಿಸಬಹುದು.

ಅನುಪಾತ ತಿಳಿಯಲು ಅಳತೆ ಜಗ್ ಹಿಡಿದು ಎರಡೂ ಪೈಪುಗಳ ನೀರನ್ನು ಒಂದೊಂದು ನಿಮಿಷ ಹಿಡಿಯಿರಿ. 190 ಮಿಲಿಲೀಟರ್ ಶುದ್ಧ, 650 ತ್ಯಾಜ್ಯ ಬಂದರೆ ಅದು 1:3.4. ರೆಸ್ಟ್ರಿಕ್ಟರ್ ಕೂದಲಿನಂಥ ಒಳಕೊಳವೆ ಇರುವ ಬಗೆಯದ್ದಾದರೆ ಕೊಳವೆ ಮೊಟಕಾದಷ್ಟೂ ತ್ಯಾಜ್ಯ ಹೆಚ್ಚುತ್ತದೆ. ಒಂದೊಂದು ಸೆಂಟಿಮೀಟರ್ ಮಾತ್ರ ಕತ್ತರಿಸಿ, ಪ್ರತಿ ಸಲ ಅಳೆಯಿರಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಅಂದಹಾಗೆ ಈ ತ್ಯಾಜ್ಯ ಕೊಳಕು ನೀರೇನಲ್ಲ. ಒಳಬರುವುದು 300 ಪಿಪಿಎಂ ಇದ್ದು ಅನುಪಾತ 1:3 ಆದರೆ ತ್ಯಾಜ್ಯ ಸುಮಾರು 400 ಪಿಪಿಎಂ, ಅಷ್ಟೇ. ಬಟ್ಟೆ ಒಗೆಯಲು, ನೆಲ ಒರೆಸಲು, ಗಟ್ಟಿಮುಟ್ಟಾದ ಗಿಡಗಳಿಗೆ ಧಾರಾಳವಾಗಿ ಬಳಸಬಹುದು.

ಮೀಟರ್ ಓದುವುದು

ಮೂರು ಕಡೆ ಅಳೆಯಿರಿ: ಒಳಬರುವ ನೀರು, ಮೆಂಬ್ರೇನ್ ಆದ ಮೇಲೆ, ಡಿಐ ಆದ ಮೇಲೆ. ಒಳಗೆ 400, ಮೆಂಬ್ರೇನ್ ನಂತರ 12 ಎಂದರೆ ಶೇ. 97 ತಡೆದಿದೆ, ಒಳ್ಳೆಯದು. ಶೇ. 90ಕ್ಕಿಂತ ಕೆಳಗಿಳಿದರೆ ಮೆಂಬ್ರೇನ್ ಬದಲಿಸುವ ಹೊತ್ತು. ಆ 12 ನಿಮಗೆ ನಗಣ್ಯ ಅನ್ನಿಸಬಹುದು, ಡಿಐ ರೆಸಿನ್‌ಗೆ ಹಾಗಲ್ಲ: 12 ಇದ್ದದ್ದು 6 ಆದರೆ ರೆಸಿನ್ ಸುಮಾರು ಎರಡು ಪಟ್ಟು ಬಾಳುತ್ತದೆ.

ಘಟಕ ಚಾಲೂ ಮಾಡಿದ ಕೂಡಲೇ ಅಳೆದು ಗಾಬರಿಯಾಗಬೇಡಿ. ನಿಂತ ಹೊತ್ತಿನಲ್ಲಿ ಲವಣಗಳು ಮೆಂಬ್ರೇನ್‌ನ ಆಚೆಗೆ ಮೆಲ್ಲಗೆ ಜಿನುಗಿರುತ್ತವೆ, ಮೊದಲ ಎರಡು-ಮೂರು ನಿಮಿಷ 40-50 ತೋರಿಸುವುದು ಮಾಮೂಲು. ಅದಕ್ಕೇ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಹಿಡಿಯುವ ಅಭ್ಯಾಸ ಡಿಐಗೆ ಮಾರಕ. ವಾರಕ್ಕೊಮ್ಮೆ 50 ಲೀಟರ್ ಒಟ್ಟಿಗೆ ಮಾಡಿ. ಮೆಂಬ್ರೇನ್ ಮತ್ತು ಡಿಐ ನಡುವೆ ಮೂರು ದಾರಿಯ ವಾಲ್ವ್ ಒಂದಿದ್ದರೆ ಮೊದಲ ಐದು ನಿಮಿಷದ ನೀರನ್ನು ಹೊರಗೆ ಬಿಡಬಹುದು. ನಮ್ಮನ್ನು ಕೇಳಿದರೆ, ಇಡೀ ಘಟಕದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಉಳಿತಾಯ ಮಾಡಿಕೊಡುವ ಭಾಗ ಇದೇ.

ಮೆಂಬ್ರೇನ್ ನಂತರ 5 ಪಿಪಿಎಂ ಇದ್ದರೂ ಡಿಐ ಬೇಗ ಬೇಗ ಮುಗಿಯುತ್ತಿದೆಯೇ? ಇಂಗಾಲದ ಡೈಆಕ್ಸೈಡ್ ಮೇಲೆ ಅನುಮಾನಪಡಿ. ಕೊಳವೆಬಾವಿ ನೀರಿನಲ್ಲಿ ಅದು ವಿಪರೀತ ಕರಗಿರಬಹುದು. ಮೆಂಬ್ರೇನ್ ಅದನ್ನು ತಡೆಯುವುದಿಲ್ಲ, ಟಿಡಿಎಸ್ ಮೀಟರ್‌ಗೂ ಸರಿಯಾಗಿ ಕಾಣುವುದಿಲ್ಲ, ಆದರೆ ರೆಸಿನ್‌ನ ಅರ್ಧ ಶಕ್ತಿಯನ್ನು ಅದೇ ನುಂಗುತ್ತದೆ. ಪತ್ತೆ ಹೀಗೆ: ನಲ್ಲಿ ನೀರಿನ ಪಿಎಚ್ ಅಳೆದು, ಅದೇ ನೀರಿಗೆ ಏರ್ ಸ್ಟೋನ್ ಹಾಕಿ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಸಾಕಷ್ಟು ಮೇಲೇರಿದರೆ ಅನುಮಾನ ನಿಜ. ಆರ್‌ಓ ನೀರನ್ನು ಡ್ರಮ್‌ನಲ್ಲಿ ಹಿಡಿದು ರಾತ್ರಿಯಿಡೀ ಗಾಳಿಯಾಡಿಸಿ, ಮರುದಿನ ಸಣ್ಣ ಪಂಪಿನಿಂದ ಡಿಐ ಮೂಲಕ ದಾಟಿಸಿದರೆ ಸರಿಹೋಗುತ್ತದೆ.

ಡಿಐ ನಂತರ ಮೀಟರ್ 0 ತೋರಿಸಬೇಕು. 1 ಬಂದ ದಿನವೇ ರೆಸಿನ್ ಬದಲಿಸಿ, 5 ಆಗಲೆಂದು ಕಾಯಬೇಡಿ. ದಣಿದ ರೆಸಿನ್ ತಾನು ಸಡಿಲವಾಗಿ ಹಿಡಿದಿದ್ದನ್ನು, ಅಂದರೆ ಸಿಲಿಕೇಟನ್ನು ಮೊದಲು, ಒಮ್ಮೆಲೇ ಬಿಡುತ್ತದೆ. ಟ್ಯಾಂಕಿನ ಗಾಜಿನ ಮೇಲೆ ಕಂದು ಧೂಳಿನಂಥ ಡಯಾಟಮ್ ಪಾಚಿ ಏಕಾಏಕಿ ಹರಡಿದರೆ ಮೊದಲು ನೋಡಬೇಕಾದ್ದು ರೆಸಿನ್ ಬಣ್ಣವನ್ನು (ದಣಿದಾಗ ಬಣ್ಣ ಬದಲಿಸುವ ಬಗೆಯದ್ದಾದರೆ).

ತೆಗೆದದ್ದನ್ನು ವಾಪಸ್ ಸೇರಿಸುವುದು

ಬರೀ ಆರ್‌ಓ ನೀರಿಗೆ ಮೀನು ಬಿಡಬಾರದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ, ಪಿಎಚ್ ಹಿಡಿದಿಡುವ ಬೈಕಾರ್ಬೊನೇಟ್ ಇಲ್ಲ. ಆ ನೀರಿನ ಪಿಎಚ್ 5.5-6 ಎಂದು ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಕರಗಿದರೂ ಅಷ್ಟಾಗುತ್ತದೆ. ಆ ಸಂಖ್ಯೆಗೆ ಬೆಲೆಯಿಲ್ಲ.

ಸುಲಭದ ದಾರಿ ಬೆರಕೆ. ನಲ್ಲಿ ನೀರಿನ ಕೆಎಚ್ 12 ಇದ್ದು ನಿಮಗೆ 4 ಬೇಕಿದ್ದರೆ ಮೂರರಲ್ಲಿ ಒಂದು ಪಾಲು ನಲ್ಲಿ ನೀರು, ಎರಡು ಪಾಲು ಆರ್‌ಓ. ನಲ್ಲಿಯ ಪಾಲನ್ನು ಕಾರ್ಬನ್ ಆದ ಮೇಲೆ ಹಿಡಿದರೆ ಕ್ಲೋರಿನ್ ಚಿಂತೆಯೂ ಇಲ್ಲ. ಕ್ಲೋರಮೈನ್ ಇರುವ ಕಡೆ ಮಾತ್ರ ಅಮೋನಿಯ ಉಳಿದಿರುತ್ತದೆ, ಅದನ್ನು ನಿರ್ವಿಷಗೊಳಿಸುವ ವಾಟರ್ ಕಂಡೀಷನರ್ ಹಾಕಿ.

ಖನಿಜವನ್ನೇ ಸೇರಿಸುವುದಾದರೆ 100 ಲೀಟರ್ ಆರ್‌ಓ ನೀರಿಗೆ ಈ ಲೆಕ್ಕ. ಕೆಎಚ್ 1 ಡಿಗ್ರಿ ಏರಿಸಲು 3 ಗ್ರಾಂ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಜಿಎಚ್ 1 ಡಿಗ್ರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಆದರೆ 2.6 ಗ್ರಾಂ, ಎಪ್ಸಮ್ ಸಾಲ್ಟ್ ಆದರೆ 4.4 ಗ್ರಾಂ. ಸಾಧಾರಣ ಗಿಡ-ಮೀನಿನ ಟ್ಯಾಂಕಿಗೆ ಜಿಎಚ್ 6, ಕೆಎಚ್ 3 ಬೇಕೆಂದುಕೊಳ್ಳಿ: 10.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 8.8 ಗ್ರಾಂ ಎಪ್ಸಮ್ ಸಾಲ್ಟ್, 9 ಗ್ರಾಂ ಸೋಡಾ. ಮೂರನ್ನೂ ಒಂದೇ ಲೋಟದಲ್ಲಿ ಕಲಸಬೇಡಿ. ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಸೋಡಾದ ಜೊತೆ ಸೇರಿ ಸುಣ್ಣವಾಗಿ, ಎಪ್ಸಮ್ ಜೊತೆ ಸೇರಿ ಜಿಪ್ಸಮ್ ಆಗಿ ಬೆಳ್ಳಗೆ ತಳ ಸೇರುತ್ತದೆ. ಬೇರೆ ಬೇರೆ ಕರಗಿಸಿ, ಪೂರ್ತಿ 100 ಲೀಟರ್ ತಿರುಗುತ್ತಿರುವಾಗ ಒಂದಾದ ಮೇಲೊಂದು ಸುರಿಯಿರಿ. ಕ್ಯಾರಿಡಿನಾ ಸೀಗಡಿಗೆ ಸೋಡಾ ಬೇಡವೇ ಬೇಡ, ಜಿಎಚ್ ಮಾತ್ರ.

ಸಮುದ್ರ ನೀರಿಗೆ ಲೀಟರಿಗೆ ಸುಮಾರು 36-38 ಗ್ರಾಂ ಉಪ್ಪಿನ ಮಿಶ್ರಣ. 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026 ಬರಬೇಕು. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ.

ಈಗಾಗಲೇ ಗಡಸು ನೀರಿನಲ್ಲಿರುವ ಮೀನುಗಳನ್ನು ಒಂದೇ ದಿನ ಹೊಸ ನೀರಿಗೆ ದಾಟಿಸಬೇಡಿ. ಎರಡು-ಮೂರು ದಿನಕ್ಕೊಮ್ಮೆ ಶೇ. 10-15 ಬದಲಿಸುತ್ತ ಬನ್ನಿ.

ಆವಿಯಾದದ್ದನ್ನು ತುಂಬುವಾಗ

ಇದಕ್ಕೆ ಖನಿಜ ಸೇರಿಸದ ಆರ್‌ಓ ನೀರನ್ನೇ ಹಾಕಿ, ಸಿಹಿನೀರಿನ ಟ್ಯಾಂಕಾದರೂ ಸರಿ. ಹೋಗುವುದು ನೀರು, ಲವಣ ಅಲ್ಲೇ ಉಳಿಯುತ್ತದೆ. 200 ಲೀಟರ್ ಟ್ಯಾಂಕಿಗೆ ದಿನಕ್ಕೆ 3 ಲೀಟರ್‌ನಂತೆ 400 ಪಿಪಿಎಂ ನಲ್ಲಿ ನೀರು ತುಂಬುತ್ತ ಹೋದರೆ ತಿಂಗಳಿಗೆ 36 ಗ್ರಾಂ ಲವಣ ಸೇರುತ್ತದೆ, ಟಿಡಿಎಸ್ 180 ಏರುತ್ತದೆ.

ಆರ್‌ಓ ಪೈಪನ್ನು ನೇರವಾಗಿ ಟ್ಯಾಂಕ್ ಅಥವಾ ಅದರ ಸಂಪ್‌ಗೆ (ಅಕ್ವೇರಿಯಂಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಜೋಡಿಸಿ ಫ್ಲೋಟ್ ವಾಲ್ವ್ ನಂಬುವುದು ಮಾತ್ರ ಬೇಡ. ಒಂದು ಬಸವನಹುಳು ಫ್ಲೋಟ್ ಕೆಳಗೆ ಕೂತರೆ ಸಾಕು. ಗಂಟೆಗೆ 12 ಲೀಟರ್‌ನಂತೆ ರಾತ್ರಿ ಎಂಟು ಗಂಟೆಯಲ್ಲಿ 96 ಲೀಟರ್ ಸೇರಿ, ನೆಲವೂ ಮುಳುಗುತ್ತದೆ, ಉಪ್ಪಿನಂಶವೂ ಕುಸಿಯುತ್ತದೆ. ನಡುವೆ 10-20 ಲೀಟರ್‌ನ ಆಹಾರ ದರ್ಜೆಯ ಡಬ್ಬಿ ಇಟ್ಟು ಅದನ್ನು ಕೈಯಾರೆ ತುಂಬಿ. ಅದರಿಂದ ಟ್ಯಾಂಕಿಗೆ ನೀರು ತಾನಾಗಿ ತುಂಬುವ ಆಟೋ ಟಾಪ್‌ಆಫ್ ಪಂಪ್ ಕೆಟ್ಟರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಡಬ್ಬಿ, ಡ್ರಮ್ ಎರಡಕ್ಕೂ ಮುಚ್ಚಳ ಇರಲಿ, ಬಿಸಿಲು ಬೀಳದಿರಲಿ.

ಕೆಟ್ಟಾಗ ಎಲ್ಲಿ ನೋಡಬೇಕು

ತ್ಯಾಜ್ಯ ಧಾರಾಳವಾಗಿ ಬರುತ್ತಿದೆ, ಶುದ್ಧ ನೀರು ಹನಿ ಹನಿ: ರೆಸ್ಟ್ರಿಕ್ಟರ್ ಹಾಕುವುದನ್ನು ಮರೆತಿದ್ದೀರಿ, ಅಥವಾ ಫ್ಲಶ್ ವಾಲ್ವ್ ತೆರೆದೇ ಇದೆ. ಎರಡೂ ಸರಿಯಿದ್ದರೆ ಗೇಜ್ ನೋಡಿ.

ತ್ಯಾಜ್ಯವೇ ಬರುತ್ತಿಲ್ಲ, ಶುದ್ಧ ನೀರಿನ ಟಿಡಿಎಸ್ ಏರುತ್ತಿದೆ: ರೆಸ್ಟ್ರಿಕ್ಟರ್ ಕಟ್ಟಿಕೊಂಡಿದೆ. ಕೂಡಲೇ ನಿಲ್ಲಿಸಿ, ಇಲ್ಲವಾದರೆ ಮೆಂಬ್ರೇನ್ ಹೋಗುತ್ತದೆ.

ಹೊಸ ಮೆಂಬ್ರೇನ್, ಆದರೂ ಟಿಡಿಎಸ್ 150: ಒಳತುದಿಯ ಓ-ರಿಂಗ್ ಕೂತಿಲ್ಲ, ಅಥವಾ ಮಡಚಿಕೊಂಡಿದೆ. ಬಿಚ್ಚಿ, ಓ-ರಿಂಗ್‌ಗೆ ನೀರು ಸವರಿ ಮತ್ತೆ ಒತ್ತಿ.

ಡ್ರಮ್ ತುಂಬಿ ಫ್ಲೋಟ್ ಮುಚ್ಚಿದರೂ ಚರಂಡಿಗೆ ನೀರು ಹೋಗುತ್ತಲೇ ಇದೆ: ಹತ್ತರಲ್ಲಿ ಒಂಬತ್ತು ಸಲ ಚೆಕ್ ವಾಲ್ವ್. ಶುದ್ಧ ನೀರಿನ ಒತ್ತಡ ಹಿಂದಕ್ಕೆ ಸೋರಿಹೋದರೆ ಶಟ್‌ಆಫ್ ವಾಲ್ವ್‌ಗೆ ಮುಚ್ಚುವ ಬಲ ಸಿಗುವುದಿಲ್ಲ. ಅದು ಸರಿಯಿದ್ದರೆ ಶಟ್‌ಆಫ್ ವಾಲ್ವ್‌ನ ಡಯಾಫ್ರಾಮ್ ನೋಡಿ.

ಗೇಜ್ ಮೊದಲಿಗಿಂತ 10 ಪಿಎಸ್‌ಐ ಕೆಳಗಿಳಿದರೆ ಸೆಡಿಮೆಂಟ್ ಬದಲಿಸಿ, ತಿಂಗಳ ಲೆಕ್ಕ ಬೇಡ. ಕಾರ್ಬನ್‌ನದು ಬೇರೆ: ಕಟ್ಟಿಕೊಳ್ಳದೆಯೇ ಅದರ ಶಕ್ತಿ ಮುಗಿದಿರಬಹುದು. ಅದರ ಮೇಲೆ ಬರೆದಿರುವ ಲೀಟರ್ ಲೆಕ್ಕಕ್ಕೆ ತ್ಯಾಜ್ಯವೂ ಸೇರುತ್ತದೆ ಎಂಬುದನ್ನು ಬಹುತೇಕರು ಮರೆಯುತ್ತಾರೆ. 1:3ರಲ್ಲಿ 100 ಲೀಟರ್ ಶುದ್ಧ ನೀರು ಪಡೆದಿರೆಂದರೆ ಕಾರ್ಬನ್ ಮೂಲಕ ಹೋಗಿರುವುದು 400 ಲೀಟರ್. ತಿಂಗಳಿಗೊಮ್ಮೆ ತ್ಯಾಜ್ಯ ನೀರಿಗೇ ಒಟ್ಟು ಕ್ಲೋರಿನ್ ಪಟ್ಟಿ ಅದ್ದಿ ನೋಡಿ. ಅದು ಕಾರ್ಬನ್ ದಾಟಿ ಬಂದ ನೀರೇ ತಾನೇ. ಪಟ್ಟಿಗೆ ನಸು ಬಣ್ಣ ಬಂದರೂ ಅವತ್ತೇ ಕಾರ್ಬನ್ ಬದಲಿಸಿ.